ವಿಮಾನದ ಕಾಕಾನ ಸೂತಕ

ಇವತ್ತು ಬೆಳಿಗ್ಗೆ ಇಚಲಕರಂಜಿಯ ನಮ್ಮ ಓಣಿಯ ಸಲೂನಿನಲ್ಲಿ ದಾಡಿಗೆ ಕೂತಿದ್ದೆ. ನನ್ನ ತಲೆಯ ಮೇಲೆ ಕತ್ತರಿಗೆ ಕೆಲಸ ಉಳಿದಿಲ್ಲವಾದ್ದರಿಂದ ಗಡ್ಡವೊಂದೇ ನನಗೂ ಸಲೂನಿಗೂ ಉಳಿದಿರುವ ನಂಟು. ದಿನಾ ಇರುವವನು ಬಂದಿರಲಿಲ್ಲ, ಅವನ ಅಪ್ಪ ನಿಂತಿದ್ದ. ಡಬ್ಬಿ ಒತ್ತಿದರೆ ಬುಸ್ಸೆಂದು ಬರುವ ನೊರೆಯ ಮೇಲೆ ಈ ಮುದುಕನಿಗೆ ನಂಬಿಕೆಯಿಲ್ಲ. ಬಟ್ಟಲಲ್ಲಿ ದುಂಡನೆಯ ಸಾಬೂನಿಟ್ಟು, ಬಿಸಿನೀರಲ್ಲಿ ಅದ್ದಿದ ಬ್ರಷ್ಷನ್ನು ಗರಗರ ತಿರುಗಿಸಿ ನನ್ನ ಕೆನ್ನೆಗೆ ಬಳಿದ. ಆ ವಾಸನೆ ಮೂಗಿಗೆ ಹೋದದ್ದೇ ತಡ, ನನ್ನ ಕಣ್ಣಲ್ಲಿ ನೀರು ಬಂತು. ಮುದುಕ ಕತ್ತಿ ಎತ್ತಿ ಹಿಡಿದು, "ಯಾಕ್ರಿ ಅಣ್ಣಾ, ಸಾಬಾಣ ಕಣ್ಣಾಗ ಹೋತೇನ್ರಿ?" ಎಂದ. ಹೌದು ಎಂದೆ. ಅರವತ್ತು ದಾಟಿದ ನೂಲಿನ ವ್ಯಾಪಾರಿ ಸಲೂನಿನ ಕುರ್ಚಿಯಲ್ಲಿ ಕೂತು ಅಳುತ್ತಿದ್ದ ಎಂಬ ಸುದ್ದಿ ಹಬ್ಬಿದರೆ, ನೂಲಿನ ಧಾರಣೆ ಬಿದ್ದಿದೆ ಎಂದೇ ಈ ಊರು ತಿಳಿಯುತ್ತದೆ.

ಅದು ನನ್ನ ಕಾಕಾನ ವಾಸನೆ. ನಮ್ಮಪ್ಪನ ತಮ್ಮ. ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ನಮ್ಮ ಹಳ್ಳಿ ದತ್ತವಾಡದ ಕಬ್ಬಿನ ಹೊಲದಿಂದ ಎದ್ದು ಹೋಗಿ, ವಾಯುಸೇನೆ ಸೇರಿ, ಬಾಂಬು ಹಾಕುವ ವಿಮಾನದ ಪೈಲಟ್ ಆಗಿ, ಎಪ್ಪತ್ತೊಂದರ ಯುದ್ಧದಲ್ಲಿ ಗಡಿ ದಾಟಿ ಹಾರಿ, ಗುಂಡು ತಗಲಿ ರೆಕ್ಕೆ ಹರಿದ ವಿಮಾನವನ್ನು ಮರಳಿ ತಂದು ಇಳಿಸಿ, ಶೌರ್ಯಪದಕ ಪಡೆದ ಮನುಷ್ಯ. ಊರಲ್ಲಿ ಅವರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಹೆಂಗಸರು ಗಂಡಸರು ಎಲ್ಲರಿಗೂ ಅವರು ವಿಮಾನದ ಕಾಕಾ. ನನ್ನ ಬಗ್ಗೆ ಹೇಳುವುದಾದರೆ, ಒಮ್ಮೆ ಕೊಲ್ಹಾಪುರದಿಂದ ಮುಂಬಯಿಗೆ ವಿಮಾನದಲ್ಲಿ ಹೋದಾಗ ಪೂರ್ತಿ ದಾರಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಜಪಿಸಿದವನು ನಾನು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಗಗನಸಖಿಯನ್ನು ಕರೆದು ನನಗೆ ನೀರು ಕೊಡಿಸಿದ್ದಳು. ಒಂದೇ ಮನೆಯ ರಕ್ತ ಎಂದು ಹೇಳಿಕೊಳ್ಳಲು ನನಗೇ ಸಂಕೋಚವಾಗುತ್ತದೆ.

ಆ ಮನೆ ಎಂಥದ್ದು ಎಂಬುದನ್ನೂ ನೀವು ತಿಳಿಯಬೇಕು. ನಾವು ಜೈನರು. ನೀರು ಸೋಸದೆ ಕುಡಿದವರಲ್ಲ, ಹೊತ್ತು ಮುಳುಗಿದ ಮೇಲೆ ಉಂಡವರಲ್ಲ. ನೇಗಿಲಿಗೆ ಎರೆಹುಳ ಸಿಕ್ಕಿತೆಂದು ಅಜ್ಜಿ ಒಂದು ಹೊತ್ತು ಊಟ ಬಿಡುತ್ತಿದ್ದಳು. ಅಂಥ ಮನೆಯ ಮಗ ಬಾಂಬು ಹಾಕಿ ಬಂದಾಗ ಯಾರಿಗೂ ಏನೂ ಅನ್ನಿಸಲಿಲ್ಲವೇ ಎಂದು ನೀವು ಕೇಳಬಹುದು. ಅನ್ನಿಸಲಿಲ್ಲ. ಹಿಗ್ಗಿ ಹೋದೆವು. ಊರ ಹೊರಗಿನಿಂದಲೇ ಎತ್ತಿನ ಗಾಡಿಗೆ ಕಬ್ಬು, ಬಾಳೆ ಕಟ್ಟಿ, ಕಾಕಾನನ್ನು ನಿಲ್ಲಿಸಿ, ಹಲಗಿ ಬಾರಿಸುತ್ತ ಮೆರವಣಿಗೆ ಮಾಡಿದೆವು. ನಾನಾಗ ಎರಡನೆಯ ಇಯತ್ತೆಯಲ್ಲಿದ್ದೆ. ಯಾರದೋ ಹೆಗಲ ಮೇಲೆ ಕೂತು ಜಯಕಾರ ಕೂಗಿ ಕೂಗಿ ಮೂರು ದಿನ ದನಿ ಕೆಟ್ಟಿತ್ತು.

ಮೆರವಣಿಗೆ ಬಸದಿಯ ಮುಂದೆ ನಿಂತಿತು. ಸ್ವಾಮಿಗೆ ಅಭಿಷೇಕದ ಮೊದಲ ಕಲಶವನ್ನು ಕಾಕಾನೇ ಹಾಕಬೇಕು ಎಂದು ಊರ ಹಿರಿಯರು ನಿಶ್ಚಯಿಸಿದ್ದರು. ಆ ಮಾನ ಸುಮ್ಮನೆ ಸಿಗುವುದಲ್ಲ, ದೊಡ್ಡ ದೊಡ್ಡ ಮನೆತನದವರು ಅದಕ್ಕಾಗಿ ಜಗಳ ಆಡುತ್ತಾರೆ. ಕಾಕಾ ಬೂಟು ಬಿಚ್ಚಿದರು. ಕಾಲು ತೊಳೆದರು. ಹೊಸ್ತಿಲ ತನಕ ಬಂದು ನಿಂತುಬಿಟ್ಟರು. ನಮ್ಮಪ್ಪ ಹಿಂದಿನಿಂದ, "ನಡಿಯೋ, ಎಲ್ಲಾರೂ ಕಾಯಾಕತ್ತಾರ" ಎಂದ. ಕಾಕಾ ತಿರುಗದೆ ಹೇಳಿದರು, "ನನಗ ಸೂತಕ ಐತಿ. ನಾ ಒಳಗ ಬರೂದಿಲ್ಲ."

ಸೂತಕ ಎಂದರೆ ಸಾವಿನ ಮೈಲಿಗೆ, ನಿಮಗೆ ಗೊತ್ತು. ನಮ್ಮಲ್ಲಿ ಅದರ ಲೆಕ್ಕ ಭಾರಿ ಕಟ್ಟುನಿಟ್ಟು. ಮನೆಯಲ್ಲಿ ಸಾವಾದರೆ ಹನ್ನೆರಡು ದಿನ ಮನೆಮಂದಿಯೆಲ್ಲ ಸ್ವಾಮಿಯನ್ನು ಮುಟ್ಟುವಂತಿಲ್ಲ, ಮುನಿಗಳಿಗೆ ಆಹಾರ ಕೊಡುವಂತಿಲ್ಲ, ಬಾಗಿಲಾಚೆ ನಿಂತು ಕೈ ಮುಗಿದು ಹೋಗಬೇಕು. ಒಬ್ಬನಿಗೆ ಸೂತಕ ಎಂದರೆ ಆ ಮನೆಯ ಎಲ್ಲರಿಗೂ ಸೂತಕ. ಹಾಗಾಗಿ ಕಾಕಾ ಆ ಮಾತು ಆಡಿದ್ದೇ ತಡ, ಹಲಗಿ ನಿಂತಿತು. ಒಳಗೆ ಕಲಶದ ಹತ್ತಿರ ನಿಂತಿದ್ದ ನಮ್ಮಪ್ಪನ ಅಣ್ಣತಮ್ಮಂದಿರೆಲ್ಲ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಹೊರಗೆ ಬಂದರು. ಯಾರು ಸತ್ತರು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಅಜ್ಜಿಗೆ ಆಗ ಒಂದೇ ದಿಗಿಲು. ಆಕೆಯ ತಂಗಿ ಸುಳಕೂಡದಲ್ಲಿ ಜ್ವರದಿಂದ ಮಲಗಿದ್ದಳು. ಮೆರವಣಿಗೆ ಕೆಡಬಾರದೆಂದು ಸಾವಿನ ಸುದ್ದಿಯನ್ನು ತನ್ನಿಂದ ಮುಚ್ಚಿಟ್ಟಿದ್ದಾರೆ, ಮಗನಿಗೆ ಮಾತ್ರ ಹೇಳಿದ್ದಾರೆ ಎಂದು ಅವಳು ಅಲ್ಲೇ ಕಟ್ಟೆಯ ಮೇಲೆ ಕೂತು ಅಳತೊಡಗಿದಳು. ಅವಳು ಅತ್ತದ್ದು ನೋಡಿ ಉಳಿದ ಹೆಂಗಸರೂ ಅತ್ತರು. ಒಬ್ಬನನ್ನು ಸೈಕಲ್ ಮೇಲೆ ಸುಳಕೂಡಕ್ಕೆ ಅಟ್ಟಿದರು. ಅವನು ಹೋಗಿ ನೋಡಿದರೆ ಅಜ್ಜಿಯ ತಂಗಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಾಳೆ. "ನೀವು ಸತ್ತೀರಂತ ಅಲ್ಲಿ ಅಳಾಕತ್ತಾರ್ರಿ" ಎಂದನಂತೆ ಆ ಪುಣ್ಯಾತ್ಮ. ಅವಳು ಒಂದು ವರ್ಷ ನಮ್ಮ ಮನೆಗೆ ಕಾಲಿಡಲಿಲ್ಲ. ಈ ಕಥೆಯನ್ನು ನಮ್ಮ ಮನೆಯಲ್ಲಿ ನಲವತ್ತು ವರ್ಷ ಹೇಳಿ ಹೇಳಿ ನಕ್ಕಿದ್ದೇವೆ. ಹೇಳುವಾಗೆಲ್ಲ ಕಾಕಾ ಎದ್ದು ಹೊರಗೆ ಹೋಗುತ್ತಿದ್ದರು. ಅದನ್ನೂ ಕಥೆಯ ಒಂದು ಭಾಗ ಎಂದೇ ನಾವು ತಿಳಿದಿದ್ದೆವು.

ಯಾರೂ ಸತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಹಿರಿಯರು ಒಂದು ತೀರ್ಮಾನಕ್ಕೆ ಬಂದರು. ಹುಡುಗ ಸಣ್ಣ ವಯಸ್ಸಿಗೇ ಹೊರಗೆ ಹೋದವನು, ಪಂಜಾಬಿಗಳ ಜೊತೆ ಉಂಡವನು, ಸೂತಕ ಎಂದರೇನು ಎಂಬುದನ್ನೇ ಮರೆತಿದ್ದಾನೆ. ಒಬ್ಬಿಬ್ಬರು, ಆಫೀಸರ್ ಆದ ಮೇಲೆ ಸೊಕ್ಕು ಬಂದಿದೆ, ಪಂಚೆ ಉಟ್ಟು ಸ್ವಾಮಿಯ ಮುಂದೆ ನಿಲ್ಲಲು ನಾಚಿಕೆ ಎಂದರು. ಕಲಶವನ್ನು ಬೇರೆ ಮನೆತನದವರು ಹಾಕಿದರು. ಅಲ್ಲಿಗೆ ಮಾತು ಮುಗಿಯಿತು. ಆ ಸಾವು ನಮ್ಮ ಮನೆಯದಲ್ಲ, ಬೇರೆ ಎಲ್ಲಿಯದೋ ಇರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ನಮ್ಮ ಜನಕ್ಕೆ ಸೂತಕ ಎಂದರೆ ಬೀಗರ ಊರುಗಳನ್ನು ಎಣಿಸುವುದಷ್ಟೇ ಗೊತ್ತು.

ಅವತ್ತಿನಿಂದ ಸಾಯುವ ತನಕ ಕಾಕಾ ಯಾವ ಬಸದಿಯ ಹೊಸ್ತಿಲನ್ನೂ ದಾಟಲಿಲ್ಲ. ಬರುತ್ತಿದ್ದರು. ನುಣ್ಣಗೆ ದಾಡಿ ಮಾಡಿ, ಇಸ್ತ್ರಿಯ ಅಂಗಿ ಹಾಕಿ, ಬಾಗಿಲಾಚೆ ಸೂತಕದವರು ನಿಲ್ಲುವ ಜಾಗದಲ್ಲಿ ಕೈ ಮುಗಿದು ನೆಟ್ಟಗೆ ನಿಲ್ಲುತ್ತಿದ್ದರು. ಅಭಿಷೇಕದ ನೀರು ಗಂಧೋದಕವನ್ನು ತಂದು ಹಿಡಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮೊದಮೊದಲು ಜನ ಮಾತಾಡಿಕೊಂಡರು, ಆಮೇಲೆ ರೂಢಿಯಾಯಿತು. ದೊಡ್ಡ ಮನುಷ್ಯರ ಚಟ ಎಂದು ಬಿಟ್ಟುಬಿಟ್ಟರು. ಹೊಸದಾಗಿ ಬಂದ ಸೊಸೆಯರು, ಅವರೇಕೆ ಹೊರಗೆ ನಿಂತಿದ್ದಾರೆ ಎಂದು ಕೇಳಿದರೆ, "ಅವರು ಮಿಲಿಟ್ರಿಯವರವಾ" ಎಂಬ ಉತ್ತರ ಸಿಗುತ್ತಿತ್ತು.

ಇದರ ಭಾರವನ್ನು ನಿಜವಾಗಿ ಹೊತ್ತವಳು ಕಾಕಿ. ಅವಳು ಗಡಹಿಂಗ್ಲಜದವಳು. ನಿವೃತ್ತಿಯಾದ ಮೇಲೆ ಕಾಕಾ ಆ ಊರಲ್ಲೇ ಮನೆ ಕಟ್ಟಿಸಿದರು. ಮಕ್ಕಳಾಗಲಿಲ್ಲ. ಕಾಕಿಗೆ ಇದ್ದದ್ದು ಒಂದೇ ಆಸೆ, ತನ್ನ ಮನೆಯ ಬಾಗಿಲಲ್ಲಿ ಗಂಡನ ಜೊತೆ ಕಲಶ ಹಿಡಿದು ನಿಂತು, ಬೀದಿಯಲ್ಲಿ ಬರುವ ಮುನಿಗಳನ್ನು ನಿಲ್ಲಿಸಿ, ಒಳಗೆ ಕರೆದು, ಅವರ ಅಂಗೈಗೆ ಒಂದು ಹೊತ್ತಿನ ಆಹಾರ ನೀಡಬೇಕು. ಮುನಿಗಳು ಊರಿಗೆ ಬಂದಾಗೆಲ್ಲ ಓಣಿಯ ಪ್ರತಿ ಬಾಗಿಲಲ್ಲಿ ಗಂಡ ಹೆಂಡತಿ ಮಡಿಯುಟ್ಟು ನಿಲ್ಲುತ್ತಿದ್ದರು. ಕಾಕಾನ ಬಾಗಿಲು ಮುಚ್ಚಿರುತ್ತಿತ್ತು. ಸೂತಕದ ಮನೆಯಿಂದ ಆಹಾರ ಕೊಡುವುದು ಹೇಗೆ? ಕಾಕಿ ಒಳಗೆ ಕಿಟಕಿಯ ಸಂದಿಯಿಂದ ನೋಡುತ್ತಿದ್ದಳು. ಒಮ್ಮೆ ನಾನು ಹೋಗಿದ್ದಾಗ ಅವಳು ಶೇಂಗಾ ಹೋಳಿಗೆ ಬಡಿಸುತ್ತ ನನಗೆ ಹೇಳಿದಳು, ಕಾಕಾನಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದಳು, "ಯಾರೋ ಸತ್ತಾರ, ಎಲ್ಲೋ ಸತ್ತಾರ. ನಾ ಅವರ ಮಾರಿ ನೋಡಿಲ್ಲ. ಅವರ ಸೂತಕ ನಾ ಯಾಕ ಹಿಡೀಬೇಕಪಾ? ನಾ ಏನ ಮಾಡೇನಿ?"

ಕಾಕಾ ಹೊರಗಿನ ಕೋಣೆಯಿಂದ, "ಏನೂ ಮಾಡಿಲ್ಲ. ನನ್ನ ಮದವಿ ಆಗೀದಿ" ಎಂದರು. ತಮಾಷೆ ಎಂದು ನಾನು ನಕ್ಕೆ. ಅವರಿಬ್ಬರೂ ನಗಲಿಲ್ಲ.

ಕೊನೆಕೊನೆಗೆ ಅವಳು ಚಾತುರ್ಮಾಸ ಬಂತೆಂದರೆ ಇಚಲಕರಂಜಿಯ ನಮ್ಮ ಮನೆಗೆ ಬಂದುಬಿಡುತ್ತಿದ್ದಳು. ನಮ್ಮ ಜೊತೆ ಬಾಗಿಲಲ್ಲಿ ನಿಲ್ಲಬಹುದು, ನನ್ನ ಹೆಂಡತಿಯ ಕೈ ಹಿಂದೆ ತನ್ನ ಕೈಯಿಟ್ಟು ಒಂದು ತುತ್ತು ನೀಡಬಹುದು ಎಂಬ ಆಸೆ. ಹಾಗೆ ನಿಂತಳು ಕೂಡ. ಮುನಿಗಳು ಒಳಗೆ ಬಂದು ಅಂಗೈ ಚಾಚಿದಾಗ ಅವಳು ಬಟ್ಟಲನ್ನು ಮುಂದೆ ತಂದು ಹಿಂದಕ್ಕೆ ಎಳೆದುಕೊಂಡಳು. ನೀಡಲಿಲ್ಲ. ಬಟ್ಟಲನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು. ಗಂಡನ ಮಾತನ್ನು ಅವಳು ಜೀವಮಾನವಿಡೀ ಜರೆದಳು, ಆದರೆ ಅದು ಸುಳ್ಳು ಎನ್ನಲು ಅವಳಿಂದಲೂ ಆಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡಳು. ಹನ್ನೆರಡು ದಿನ ಕಳೆದ ಮೇಲೆ ಮನೆ ತೊಳೆದು ಶುದ್ಧ ಮಾಡುತ್ತಿದ್ದಾಗ ಕಾಕಾ ಅಂಗಳದಲ್ಲಿ ನಿಂತು ಹೇಳಿದರು, "ಈಕೀ ಸೂತಕ ಮುಗೀತು. ನಂದು ಹಂಗ ಐತಿ."

ಆಮೇಲೆ ನಾನು ಅವರನ್ನು ಇಚಲಕರಂಜಿಗೆ ಕರೆತಂದೆ. ನಮ್ಮ ಮನೆಯ ಹಿಂದೆಯೇ ಪವರ್‌ಲೂಮುಗಳು. ಹೊಸಬರಿಗೆ ಆ ಖಟಖಟ ಸದ್ದಿನಲ್ಲಿ ತಲೆ ಹಿಡಿದುಹೋಗುತ್ತದೆ. ಕಾಕಾನಿಗೆ ಅದು ಹಿಡಿಸಿತು. ಕರೆಂಟು ಹೋಗಿ ಮಗ್ಗಗಳು ನಿಂತರೆ ಅವರೇ ಚಡಪಡಿಸುತ್ತಿದ್ದರು. ಎಂಜಿನ್ ನಿಂತರೆ ಪೈಲಟ್ಟಿಗೆ ಹಾಗಾಗುವುದು ಸಹಜ ಎಂದು ನಾನು ನನ್ನ ಬುದ್ಧಿಗೆ ತಕ್ಕ ವಿವರಣೆ ಕೊಟ್ಟುಕೊಂಡಿದ್ದೆ. ಸದ್ದು ನಿಂತರೆ ಅವರಿಗೆ ಬೇರೆ ಏನೋ ಕೇಳುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಹಾಗೆ ಕರೆಂಟು ಹೋದ ಒಂದು ಮಧ್ಯಾಹ್ನ, ನಾನು ಕೇಳದೇ ಇದ್ದರೂ, ಪೇಪರು ಮಡಚಿಟ್ಟು ಹೇಳಿದರು.

"ರೇಲ್ವೆ ಯಾರ್ಡ್ ಮ್ಯಾಲೆ ಹಾಕೂದಿತ್ತು ತಮ್ಮಾ. ಬಟನ್ ಒತ್ತಿದಾಂವ ನಾ ಅಲ್ಲ. ಮುಂದ ನ್ಯಾವಿಗೇಟರ್ ಮಲಗಿರ್ತಾನ, ಅಂವ ಒತ್ತತಾನ. ನಾ ವಿಮಾನ ಸೀದಾ ಹಿಡಕೊಂಡಿದ್ನಿ, ಅಷ್ಟ. ಒಂದೀಟ ಆಚೀಚೆ ಅಲುಗಾಡಲಾರದಂಗ. ಅದಕ್ಕ ಪದಕ ಕೊಟ್ರು."

ಹಾಗಾದರೆ ನಿಮ್ಮದೇನು ಕಾಕಾ ಎಂದೆ, ಸಮಾಧಾನದ ಮಾತು ಸಿಕ್ಕಿತೆಂಬ ಉತ್ಸಾಹದಲ್ಲಿ.

"ನಮ್ಮ ಶಾಸ್ತ್ರ ನಿನಗ ಗೊತ್ತಿಲ್ಲೇನು? ಮಾಡಿದಾಂವ, ಮಾಡಿಸಿದಾಂವ, ಹೂಂ ಅಂದಾಂವ, ಮೂರೂ ಮಂದಿ ಒಂದ. ತಿರುಗಿ ಬರಬೇಕಾದ್ರ ಕೆಳಗ ನೋಡಿನಿ. ಯಾರ್ಡ್ ಒಂದ ಕಡೆ ಉರಿಯಾಕತ್ತಿತ್ತು. ಅದರ ಆಚೆ ಇನ್ನೊಂದ ಕಡೆನೂ ಉರಿಯಾಕತ್ತಿತ್ತು. ಉದ್ದಕ. ಓಣಿ ಇರತೈತಲಾ, ಹಂಗ. ರಿಪೋರ್ಟಿನ್ಯಾಗ ಯಾರ್ಡ್ ಅಂತ ಬರದ್ರು. ಓಣಿ ಯಾರೂ ಬರೀಲಿಲ್ಲ."

ಮತ್ತೆ ಪೇಪರು ಬಿಡಿಸಿದರು. ಓದಲಿಲ್ಲ. ಪೇಪರಿನ ಹಿಂದಿನಿಂದಲೇ ಕೇಳಿದರು, "ಮನಿ ಮಂದಿ ಸತ್ರ ಹನ್ನೆರಡ ದಿನ. ದೂರದವರು ಸತ್ರ ಅದಕ್ಕೂ ಕಡಿಮಿ. ಹೆಸರ ಗೊತ್ತಿಲ್ಲ, ಎಷ್ಟ ಮಂದಿ ಗೊತ್ತಿಲ್ಲ, ನಾವ ಕೊಂದವರು ಅಂತಂದ್ರ ಎಷ್ಟ ದಿನಪಾ?"

ನನಗೆ ಏನು ಗೊತ್ತು? ನೂಲಿನ ನಂಬರು ಕೇಳಿದರೆ ಮುಟ್ಟಿ ಹೇಳಿಯೇನು. ಬಸದಿಯ ಉಪಾಧ್ಯೆಯನ್ನು, ಅಂದರೆ ನಮ್ಮ ಪೂಜೆ ಮಾಡುವವರನ್ನು, ಕೇಳೋಣ ಎಂದೆ. ಉಪಾಧ್ಯೆ ಒಳ್ಳೆಯ ಮನುಷ್ಯ, ಬಾಯಿ ತುಂಬ ಮಾತು. ಮನೆಗೇ ಬಂದು ಕಾಕಾನ ಎದುರು ಕೂತು, "ಸಾಹೇಬ್ರ, ಸುಮ್ನ ತ್ರಾಸ ಮಾಡ್ಕೊಂತೀರಿ. ನಿಮಗ ಸೂತಕ ಅನ್ನೂದ ಇಲ್ರಿ. ಲಢಾಯಿದಾಗ ಸತ್ತವರದು ಯಾರೂ ಹಿಡಿಯೂದಿಲ್ಲ. ನಾಳೆ ಪಂಚೆ ಉಟಗೊಂಡ ಬರ್ರಿ, ನಾ ನಿಮ್ಮ ಕೈಲೆ ಕಲಶ ಹಾಕಸ್ತೇನಿ" ಎಂದರು. ಕಾಕಾ ಕೇಳಿದರು, "ಸೂತಕ ಇಲ್ಲಾ, ಅಥವಾ ಮುಗದೈತಿ?" ಉಪಾಧ್ಯೆಗೆ ಎರಡರ ನಡುವಿನ ಅಂತರ ತಿಳಿಯಲಿಲ್ಲ. ಇಲ್ಲವೇ ಇಲ್ಲ ಎಂದರು. ಅದನ್ನು ದೊಡ್ಡ ಉಪಕಾರ ಎಂಬಂತೆ ಹೇಳಿದರು.

ನಾನು ಸೋಲಲಿಲ್ಲ. ಶಿರೋಳದ ಕಡೆ ಒಂದು ಊರಲ್ಲಿ ದೊಡ್ಡ ಮುನಿ ಮಹಾರಾಜರ ಚಾತುರ್ಮಾಸ ನಡೆದಿತ್ತು. ಮುನಿಗಳೇ ಪ್ರಾಯಶ್ಚಿತ್ತ ಕೊಟ್ಟರೆ ಕಾಕಾ ಒಪ್ಪುತ್ತಾರೆ ಎಂದು ಕಾರಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ ಅವರು ಅಪರೂಪಕ್ಕೆ ಹಗುರಾಗಿದ್ದರು. "ಉಪವಾಸ ಹೇಳಿದ್ರ ಮಾಡತೇನಿ. ಮೌನ ಹೇಳಿದ್ರ ಮಾಡತೇನಿ. ಏನರೆ ಹೇಳಲಿ. ಮುಗಿಸಿ ಒಂದ ಕಲಶ ನೀರ ಹಾಕಿ ಸಾಯ್ತೇನಿ" ಎಂದರು. ಎಂಬತ್ತರ ಮುದುಕ, ಹೊಸ ಅಂಗಿ ಹಾಕಿಕೊಂಡು ಪರೀಕ್ಷೆಗೆ ಹೊರಟವನಂತೆ ಕೂತಿದ್ದರು.

ಮಹಾರಾಜರು ಶಾಂತವಾಗಿ ಕೇಳಿಸಿಕೊಂಡರು. ನಂತರ ಹೇಳಿದರು, "ಆಕ್ರಮಣ ಮಾಡಿದವರನ್ನು ಎದುರಿಸುವಾಗ ಆಗುವುದು ವಿರೋಧೀ ಹಿಂಸೆ. ಗೃಹಸ್ಥನಿಗೆ ಅದರ ತ್ಯಾಗ ಹೇಳಿಲ್ಲ. ದೋಷವೇ ಇಲ್ಲದ ಮೇಲೆ ಪ್ರಾಯಶ್ಚಿತ್ತ ಯಾತಕ್ಕೆ? ನೀವು ದೇಶವನ್ನು ಕಾಪಾಡಿದ್ದೀರಿ." ಕಾಕಾ ಮೆಲ್ಲಗೆ, "ಓಣಿ ಇತ್ತರಿ, ಸ್ವಾಮಿ" ಎಂದರು. ಅಷ್ಟರಲ್ಲಿ ಯಾರೋ ಮೈಕಿನಲ್ಲಿ, ನಮ್ಮ ಸಮಾಜದ ವೀರಪುತ್ರ ಇವತ್ತು ಇಲ್ಲಿಗೆ ಬಂದಿದ್ದಾರೆ ಎಂದು ಸಾರಿದ್ದರು. ಸಭೆ ಚಪ್ಪಾಳೆ ತಟ್ಟಿತು. ಕಮಿಟಿಯವರು ಓಡಿ ಬಂದು ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, ಫೋಟೋ ತೆಗೆಸಿಕೊಂಡರು. ಮರಳಿ ಬರುವಾಗ ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡು ಕಾಕಾ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತ ಕೂತಿದ್ದರು. ಇಚಲಕರಂಜಿ ಹತ್ತಿರ ಬಂದಾಗ, "ಇನ್ನೊಂದ ಪದಕ ಕೊಟ್ರು ನೋಡು" ಎಂದರು.

ಊರೊಳಗೆ ತಿರುಗುವಾಗ ಅವರೇ ಮತ್ತೆ ಮಾತಾಡಿದರು. "ಸುರುನ ಆಗಿಲ್ಲ ಅಂತಾರಲ್ಲೋ ಎಲ್ಲಾರೂ. ಸುರು ಆಗಲಾರದ್ದು ಮುಗಿಯೂದ ಹೆಂಗ?"

ಆ ಪ್ರಶ್ನೆಯನ್ನು ನಾನು ಅವತ್ತು ಕೇಳಿಸಿಕೊಂಡೆ, ಅಷ್ಟೇ. ಗೇರು ಬದಲಿಸಿದೆ. ಮನುಷ್ಯನಿಗೆ ಶಿಕ್ಷೆಯ ಭಯ ಇರುತ್ತದೆ ಎಂಬುದನ್ನು ನಾವೆಲ್ಲ ಕಂಡವರು. ಶಿಕ್ಷೆ ಬೇಡುತ್ತ ಮನೆಯಿಂದ ಮನೆಗೆ ತಿರುಗಿ, ಎಲ್ಲ ಕಡೆ ಸನ್ಮಾನ ಹೊತ್ತುಕೊಂಡು ಬರುವವನ ಗತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಗಲೇ ಅವರು ಒಳಗೆ ಸತ್ತಿದ್ದರು ಎಂದು ಈಗ ಅನ್ನಿಸುತ್ತದೆ.

ಆ ವರ್ಷವೇ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಕೊಲ್ಹಾಪುರದ ಆಸ್ಪತ್ರೆಗೆ ಹಾಕಿದೆವು. ಆಪರೇಶನ್ ಚೆನ್ನಾಗಿಯೇ ಆಯಿತು. ಮಾರನೆಯ ದಿನದಿಂದ ಅವರು ಅನ್ನ ಬಿಟ್ಟರು. ವ್ರತ ಹಿಡಿದು ಆಹಾರ ಬಿಟ್ಟು ದೇಹ ಬಿಡುವ ಸಲ್ಲೇಖನ ನಮ್ಮಲ್ಲಿ ಉಂಟು, ಆದರೆ ಅದನ್ನು ಗುರುಗಳು ಕೊಡಬೇಕು. ಇವರಿಗೆ ಪ್ರಾಯಶ್ಚಿತ್ತವನ್ನೇ ಕೊಡದವರು ಸಲ್ಲೇಖನ ಎಲ್ಲಿಂದ ಕೊಡುತ್ತಾರೆ? ಇವರು ಕೇಳಲೂ ಇಲ್ಲ. ಸುಮ್ಮನೆ ಬಾಯಿ ಮುಚ್ಚಿದರು. ಡಾಕ್ಟರು ಸಣ್ಣ ವಯಸ್ಸಿನ ಹಸನ್ಮುಖಿ. ಕಾಕಾನ ಪದಕದ ವಿಷಯ ತಿಳಿದು ಅವರಿಗೆ ಎಲ್ಲಿಲ್ಲದ ಗೌರವ. "ಕಾಕಾ, ತುಮ್ಹೀ ತರ ಫೈಟರ್ ಆಹಾತ, ಅಸಂ ಹಾರಾಯಚಂ ನಾಹೀ" ಎಂದು ಮರಾಠಿಯಲ್ಲಿ ಹುರಿದುಂಬಿಸಿ, ನೀವು ಹೋರಾಟಗಾರರು ಹೀಗೆ ಸೋಲಬಾರದು ಎಂದು ಹೇಳಿ, ಮೂಗಿನಿಂದ ನಳಿಗೆ ಇಳಿಸಿದರು. ಕಾಕಾ ಅದನ್ನು ಕಿತ್ತರು. ಮತ್ತೆ ಹಾಕಿ, ಎರಡೂ ಕೈಗಳನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಕಾಗದದ ಮೇಲೆ ಒಪ್ಪಿಗೆಯ ಸಹಿ ಹಾಕಿದವನು ನಾನು. ಹಾಕದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿಲ್ಲ, ನೀವೂ ಹೇಳಲಾರಿರಿ.

ಸಂಜೆಯ ಹೊತ್ತು ನೋಡಲಾಗುತ್ತಿರಲಿಲ್ಲ. ಯುದ್ಧದಿಂದ ಬಂದ ಮೇಲೆ ಹೊತ್ತು ಮುಳುಗಿದ ನಂತರ ಒಂದು ಗುಟುಕು ನೀರು ಕುಡಿಯದ ಮನುಷ್ಯ. ಕಿಟಕಿಯ ಆಚೆ ಬೆಳಕು ಹೋಗುವುದನ್ನೇ ನೋಡುತ್ತಿದ್ದರು. ಸರಿಯಾಗಿ ಅದೇ ಹೊತ್ತಿಗೆ ನರ್ಸು ಬಂದು ನಳಿಗೆಗೆ ಹಾಲಿನಂಥ ಆಹಾರ ತುಂಬುತ್ತಿದ್ದಳು. ಅದು ಇಳಿಯುವುದನ್ನು ಕಾಕಾ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹೇಗಾದರೂ ಮಾಡಿ ತಡೆಯಬೇಕು ಎಂಬಂತೆ ಗಂಟಲ ನರ ಬಿಗಿಯುತ್ತಿತ್ತು. ನಾನು ದಿನಾ ಬೆಳಿಗ್ಗೆ ಅವರದೇ ದುಂಡನೆಯ ಸಾಬೂನು ಹಚ್ಚಿ ಅವರ ದಾಡಿ ಮಾಡುತ್ತಿದ್ದೆ. ಅದೊಂದಕ್ಕೆ ಮಾತ್ರ ಮುಖವನ್ನು ತಾವಾಗಿಯೇ ನನ್ನ ಕಡೆ ತಿರುಗಿಸುತ್ತಿದ್ದರು.

ಹಾಗೆ ಒಂದು ಬೆಳಿಗ್ಗೆ ಸಾಬೂನು ಒರೆಸುತ್ತಿದ್ದಾಗ ಅವರು ಏನೋ ಅಂದರು. ನಳಿಗೆಯಿಂದಾಗಿ ದನಿ ಕೆಟ್ಟಿತ್ತು. ಕಿವಿ ಹತ್ತಿರ ಒಯ್ದೆ.

"ತಮ್ಮಾ, ನೀ ಒಬ್ಬಾಂವರೆ ಅನ್ನು."

"ಏನ ಅನ್ನಲಿ ಕಾಕಾ?"

"ನನಗ ಸೂತಕ ಐತಿ ಅಂತ."

ಇಲ್ಲ ಕಾಕಾ, ನಿಮಗೇನಾಗಿದೆ, ನೀವು ವೀರರು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಐವತ್ತು ವರ್ಷದ ರೂಢಿ. ಅವರ ಕೈ ನೋಡಿದೆ. ಕಟ್ಟಿದ ಬಟ್ಟೆಯ ಕೆಳಗೆ ಬೆರಳುಗಳು ಏನನ್ನೋ ಅಲುಗಾಡದಂತೆ ಹಿಡಿದುಕೊಂಡ ಹಾಗೆ ಮಡಚಿದ್ದವು. ಆ ಹಳೆಯ ಮಾತು ಹೇಳಲು ನನ್ನಿಂದ ಆಗಲಿಲ್ಲ.

"ಐತ್ರಿ ಕಾಕಾ" ಎಂದೆ. "ನಿಮಗ ಸೂತಕ ಐತಿ."

ಅವರು ಉಸಿರು ಬಿಟ್ಟರು. ನಾನು ಅಂಥ ಉಸಿರನ್ನು ಹಿಂದೆ ಕೇಳಿಲ್ಲ, ತಲೆ ಮೇಲಿನ ಮೂಟೆಯನ್ನು ಯಾರೋ ಒಂದು ಕೈ ಹಿಡಿದರೆ ಬರುವಂಥದು. ಕಣ್ಣಿನಿಂದ ನೀರು ಇಳಿದು ನಾನು ಆಗಷ್ಟೇ ಒರೆಸಿದ ಕೆನ್ನೆಯ ಮೇಲೆ ಹರಿಯಿತು. ಮಗುವಿನ ಹಾಗೆ ನಂಬಿಕೆಯಿಂದ ನನ್ನನ್ನು ನೋಡಿ ಕೇಳಿದರು.

"ಎಂದ ಮುಗೀತೈತಿ?"

ನಾನು ಬಾಯಿ ತೆರೆದೆ. ಯಾವುದಾದರೂ ಒಂದು ದಿನ ಹೇಳಬಹುದಿತ್ತು. ಇವತ್ತೇ ಮುಗಿಯಿತು ಎನ್ನಬಹುದಿತ್ತು. ಆದರೆ ಐವತ್ತು ವರ್ಷದಲ್ಲಿ ಮೊದಲ ಬಾರಿ ಒಬ್ಬ ನಿಜ ಹೇಳಿದ್ದಾನೆ ಎಂಬ ನಂಬಿಕೆ ಆ ಕಣ್ಣಲ್ಲಿ ಇತ್ತು. ಅಂಥ ಕಣ್ಣಿಗೆ ಸುಳ್ಳು ಹೇಳುವುದು ಹೇಗೆ? ನಿಜ ಏನೆಂದು ಗೊತ್ತಿರಲಿಲ್ಲ. ಟವೆಲ್ಲು ಹಿಂಡುತ್ತ ನಿಂತೆ. ಅವರು ಕಾಯ್ದರು. ಸಂಜೆಯ ತನಕ ನಾನು ಕೋಣೆಯೊಳಗೆ ಬಂದಾಗೆಲ್ಲ ಅವರ ಕಣ್ಣು ನನ್ನ ಬಾಯಿಯ ಮೇಲೆಯೇ ಇರುತ್ತಿತ್ತು. ಹೊತ್ತು ಮುಳುಗಿತು, ನರ್ಸು ಬಂದು ನಳಿಗೆ ತುಂಬಿದಳು, ಮರುದಿನ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಹೊಟ್ಟೆಯಲ್ಲಿ ಸಂಜೆಯ ಆಹಾರ ಹಾಗೇ ಇತ್ತು.

ಅಂತ್ಯಕ್ರಿಯೆ ಜೋರಾಗಿ ನಡೆಯಿತು. ದತ್ತವಾಡದ ರಸ್ತೆಯುದ್ದಕ್ಕೂ ಬ್ಯಾನರು. ಆಮದಾರರು ಅಂದರೆ ಶಾಸಕರು ಬಂದರು, ಸೈನಿಕರು ಬಂದರು, ತ್ರಿವರ್ಣ ಧ್ವಜ ಹೊದಿಸಿದರು. ಭಾಷಣದಲ್ಲಿ ಒಬ್ಬರು, ಶತ್ರುಗಳ ನಿದ್ದೆ ಕೆಡಿಸಿದ ವೀರ ಎಂದರು. ಗುಂಡು ಹಾರಿಸಿ ಸಲಾಮು ಮಾಡಿದಾಗ ಹೆಂಗಸರ ಸೊಂಟದ ಮೇಲಿದ್ದ ಕೂಸುಗಳು ಕಿಟಾರನೆ ಕಿರುಚಿದವು. ಕಾಕಾ ಕೊನೆಯ ತನಕ ಬೇಡವೆಂದದ್ದೇ ಅವರ ಮೈಮೇಲೆ ಗುಡ್ಡೆಯಾಗಿ ಬಿದ್ದಿತ್ತು. ನಾನು ಬೆಂಕಿ ಕೊಟ್ಟೆ.

ಹನ್ನೆರಡು ದಿನ ಸೂತಕ ಹಿಡಿದೆವು. ಮನೆ ತೊಳೆದೆವು, ಹಾಸಿಗೆ ಒಗೆದೆವು, ಉಪಾಧ್ಯೆ ಬಂದು ನೀರು ಚಿಮುಕಿಸಿ, "ಆತ್ರಿ ಅಣ್ಣಾ, ಇನ್ನ ನೀವು ಮೋಕಳಾ" ಎಂದರು. ಮೋಕಳಾ ಎಂದರೆ ಬಿಡುಗಡೆಯಾದವರು. ಹೆಂಡತಿ ಮಾರನೆಯ ದಿನವೇ ಬಸದಿಗೆ ಹೋಗಿ ಬಂದಳು. ನನಗೆ ಮಾತ್ರ ಒಂದು ಕಸಿವಿಸಿ ಹತ್ತಿಕೊಂಡಿತು. ಕಾಕಾ ಕೊನೆಯ ವರ್ಷಗಳನ್ನು ನನ್ನ ಮನೆಯಲ್ಲಿ ಕಳೆದವರು, ನನ್ನ ಅನ್ನ ಉಂಡವರು. ಅವರಿಗೆ ಸೂತಕ ಇದೆ ಎಂದು ನನ್ನ ಬಾಯಿಂದಲೇ ಹೇಳಿದ್ದೇನೆ. ಒಬ್ಬರಿಗೆ ಇದ್ದರೆ ಮನೆಮಂದಿಗೆಲ್ಲ ಇರುತ್ತದೆ. ಅವರ ಸಾವಿನ ಸೂತಕ ಮುಗಿಯಿತು. ಅವರು ಹೊತ್ತು ತಿರುಗಿದ ಆ ಇನ್ನೊಂದು ಎಲ್ಲಿ ಹೋಯಿತು? ಹೊರುವವರು ಸತ್ತರೆ ಅದೂ ಸಾಯುತ್ತದೆಯೇ? ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಗಿರಾಕಿಗಳ ಮೇಲೆ ಹರಿಹಾಯುತ್ತ ಈ ಕೆಲವು ತಿಂಗಳು ಕಳೆದಿದ್ದೇನೆ.

ಇವತ್ತು ಅಭಿಷೇಕದ ಪಾಳಿ ನಮ್ಮ ಮನೆಯದು. ಅದಕ್ಕೇ ಬೆಳಿಗ್ಗೆ ದಾಡಿ. ಸಲೂನಿನಿಂದ ಬಂದು ಸ್ನಾನ ಮಾಡಿ, ಮಡಿಯುಟ್ಟು, ಬಸದಿಗೆ ಹೋದೆ. ಕಾಲು ತೊಳೆದು ಹೊಸ್ತಿಲ ತನಕ ಹೋದವನು ನಿಂತೆ. ಒಳಗೆ ಉಪಾಧ್ಯೆ ಕಲಶ ತುಂಬಿಸುತ್ತಿದ್ದರು.

"ನನಗ ಸೂತಕ ಐತಿ ಅನಸ್ತೈತ್ರಿ" ಎಂದೆ.

ಉಪಾಧ್ಯೆ ತಲೆ ಎತ್ತಿದರು. ಅವರ ಮುಖದಲ್ಲಿ ನಿಜವಾದ ಕಾಳಜಿ ಕಂಡಿತು. "ಅಯ್ಯ, ಯಾರ ಹೋದ್ರಿ? ಸುಳಕೂಡದ ಕಡೆಯವರೇನ್ರಿ?"

ಯಾರ ಹೆಸರು ಹೇಳಲಿ? ಆ ಓಣಿಯಲ್ಲಿ ಯಾರಿದ್ದರು, ಎಷ್ಟು ಮನೆಗಳಿದ್ದವು, ಅವತ್ತು ಯಾರ ಒಲೆಯ ಮೇಲೆ ಏನಿತ್ತು, ನನಗೇನು ಗೊತ್ತು? ಆ ಊರಿನ ಹೆಸರನ್ನೇ ನಾನು ಕಾಕಾನನ್ನು ಕೇಳಿರಲಿಲ್ಲ.

"ಯಾರೂ ಇಲ್ರಿ" ಎಂದೆ.

ಅವರು ನಕ್ಕರು. "ಹಂಗಾದ್ರ ಬರ್ರಿ ಒಳಗ, ಹೊತ್ತಾಗಾಕತ್ತೈತಿ" ಎಂದು ಕಲಶವನ್ನು ನನ್ನ ಕಡೆ ಚಾಚಿದರು. ಹಿಂದೆ ನಿಂತವರು ಮೆಲ್ಲಗೆ ನೂಕಿದರು. ಯಾರಾದರೂ ಬೇಡ ಎನ್ನುತ್ತಾರೇನೋ ಎಂದು ಒಮ್ಮೆ ಸುತ್ತ ನೋಡಿದೆ. ಎಲ್ಲರೂ ಕೈ ಮುಗಿದು ಕಾಯುತ್ತಿದ್ದರು. ನಾನು ಹೊಸ್ತಿಲು ದಾಟಿ ಒಳಗೆ ಹೋಗಿ ಸ್ವಾಮಿಯ ತಲೆಯ ಮೇಲೆ ನೀರು ಹಾಕಿದೆ. ಯಾರೂ ನನ್ನನ್ನು ತಡೆಯಲಿಲ್ಲ.